ಹುಣಸೆ, ಕರಿಜಾಲಿಯ ದಪ್ಪ ಬೊಡ್ಡೆಗಳಿಗೆ ಎಂಥ ಚೈನ್ ಸಾ ಕೊಳ್ಳಬೇಕು?

ಶಿಗ್ಗಾಂವಿ ಕಡೆಯಿಂದ ನೀವು ಕೇಳಿರುವುದು ಇಷ್ಟು: ಕೈಯಲ್ಲಿ 45 ಸಿಸಿಯ ಚೈನ್ ಸಾ ಇದೆ, ಅದಕ್ಕೆ 18 ಇಂಚಿನ ಬಾರ್, ಅಂದರೆ ಚೈನು ಸುತ್ತಿ ಓಡುವ ಪಟ್ಟಿ, ಇದೆ. ಹೊಲದ ಬದುವಿನ ಹಳೆಯ ಹುಣಸೆ ಮತ್ತು ಕರಿಜಾಲಿಯ ಎರಡೂವರೆ ಅಡಿ ದಪ್ಪದ ಬೊಡ್ಡೆಗಳನ್ನು ಕಟ್ಟಿಗೆಗಾಗಿ ಕೊಯ್ಯುವಾಗ ಚೈನು ನಡುವೆಯೇ ನಿಂತುಬಿಡುತ್ತದೆ. ಆನ್‌ಲೈನ್‌ನಲ್ಲಿ ಅಗ್ಗವಾಗಿ ಸಿಗುವ 62 ಸಿಸಿಯ ಯಂತ್ರ ತಂದು 24 ಇಂಚಿನ ಬಾರ್ ಹಾಕಿದರೆ ಆದೀತೇ?

ಆಗುವುದಿಲ್ಲ. ನಿಮಗೆ ಬೇಕಿರುವುದು 70 ಸಿಸಿ ವರ್ಗದ, ಕೆಲಸಗಾರರಿಗೆಂದೇ ಮಾಡಿದ ಯಂತ್ರ, 20 ಇಂಚಿನ ಬಾರ್ ಮತ್ತು 3/8 ಇಂಚಿನ ಅಳತೆಯ ಚೈನು (ಈ ಅಳತೆ ಹೇಳುವುದು ಚೈನಿನ ಕೊಂಡಿಗಳ ಅಂತರವನ್ನು). ನಾನು ಗದಗದಲ್ಲಿ ಕಟ್ಟಿಗೆ ಅಡ್ಡೆ ನಡೆಸುತ್ತೇನೆ. ಖಾನಾವಳಿಗಳಿಗೆ, ಮದುವೆ ಅಡುಗೆಯವರಿಗೆ ನಮ್ಮಿಂದ ಹೋಗುವ ಕಟ್ಟಿಗೆಯಲ್ಲಿ ಹೆಚ್ಚಿನದು ನೀವು ಹೇಳಿದ ಇವೇ ಎರಡು ಜಾತಿ. ಆದ್ದರಿಂದ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಡಬ್ಬಿಯ ಮೇಲಿನ ಸಿಸಿ ನೋಡಿ ಯಂತ್ರ ಕೊಳ್ಳಬೇಡಿ. ಸಿಸಿ ಎಂದರೆ ಸಿಲಿಂಡರಿನ ಗಾತ್ರ. ಚೈನಿಗೆ ಎಷ್ಟು ಶಕ್ತಿ ಸಿಗುತ್ತದೆ ಎಂಬುದನ್ನು ಹೇಳುವುದು ಕಿಲೋವಾಟ್. ಅಂಗಡಿಯಲ್ಲಿ ಎಚ್‌ಪಿ ಹೇಳಿದರೆ ಒಂದು ಕಿಲೋವಾಟ್‌ಗೆ ಸುಮಾರು 1.34 ಎಚ್‌ಪಿ ಎಂದು ಲೆಕ್ಕ ಹಿಡಿಯಿರಿ. 45 ಸಿಸಿಯ ಯಂತ್ರಗಳಲ್ಲಿ ನಮ್ಮ ಕಡೆ ಹೆಚ್ಚು ಕಾಣುವ ಸ್ಟಿಲ್ ಎಂಎಸ್ 250ರ ಶಕ್ತಿ 2.3 ಕಿಲೋವಾಟ್. 58, 62 ಎಂದು ದಪ್ಪಕ್ಷರದಲ್ಲಿ ಬರೆದು ಮಾರುವ ಅಗ್ಗದ ಯಂತ್ರಗಳ ಪುಸ್ತಿಕೆ ತೆರೆದು ನೋಡಿ. ಬಹಳಷ್ಟರಲ್ಲಿ ಶಕ್ತಿ ಈ 2.3ರ ಆಸುಪಾಸಿನಲ್ಲೇ ಇರುತ್ತದೆ. ಹಣವೂ ಹೋಗಿ, ಚೈನು ಮತ್ತೆ ಅದೇ ಹುಣಸೆಯಲ್ಲಿ ನಿಲ್ಲುತ್ತದೆ. ಅದೇ ಸ್ಟಿಲ್‌ನ ಎಂಎಸ್ 382 ಯಂತ್ರ 72.2 ಸಿಸಿ, 3.9 ಕಿಲೋವಾಟ್. ಹುಸ್ಕ್‌ವರ್ನಾ 365 ಕೂಡ ಹೆಚ್ಚುಕಡಿಮೆ ಈ ವರ್ಗದ್ದೇ. ಇದಕ್ಕೂ ಮೇಲೆ 91 ಸಿಸಿಯ ಎಂಎಸ್ 661 ಇದೆ, 5.4 ಕಿಲೋವಾಟ್. ಆದರೆ ಬಾರ್ ಇಲ್ಲದೆಯೇ ಏಳು ಕಿಲೋ ದಾಟುವ ಆ ಯಂತ್ರವನ್ನು ದಿನವಿಡೀ ಬಗ್ಗಿ ಹಿಡಿಯುವವರ ನಡು ಉಳಿಯುವುದಿಲ್ಲ. ನಾಲ್ಕು ಅಡಿ ದಪ್ಪದ ಮರವೇ ನಿತ್ಯದ ಕೆಲಸವಾಗಿದ್ದರೆ ಮಾತ್ರ ಅದರ ಯೋಚನೆ ಮಾಡಿ.

ಬಾರ್ ಉದ್ದವಾದಷ್ಟೂ ಒಳ್ಳೆಯದು ಎಂದು ಅನೇಕರು ನಂಬಿದ್ದಾರೆ. 3/8 ಚೈನಿನಲ್ಲಿ ಒಂದೂವರೆ ಇಂಚಿಗೊಂದು ಕೊಯ್ಯುವ ಹಲ್ಲು ಇರುತ್ತದೆ. 24 ಇಂಚಿನ ಬಾರ್ ಪೂರ್ತಿ ಮರದೊಳಗೆ ಹೋದಾಗ ಒಮ್ಮೆಗೇ 16 ಹಲ್ಲುಗಳು ಕೆಚ್ಚನ್ನು ಕಚ್ಚುತ್ತವೆ. 20 ಇಂಚಿನಲ್ಲಿ 13. ಶಕ್ತಿ ಅಷ್ಟೇ ಇದ್ದು ಹಲ್ಲು ಹೆಚ್ಚಾದರೆ ಪ್ರತಿ ಹಲ್ಲಿನ ಪಾಲಿಗೆ ಬರುವ ಬಲ ಕಡಿಮೆ. ಎರಡೂವರೆ ಅಡಿಯ ದಿಮ್ಮಿಯನ್ನು ಎರಡೂ ಬದಿಯಿಂದ ಕೊಯ್ದರೆ 20 ಇಂಚು ಧಾರಾಳವಾಗಿ ಸಾಲುತ್ತದೆ. ನಿಮ್ಮ 45 ಸಿಸಿಗೂ 18 ಇಂಚು ಹೆಚ್ಚೇ ಆಯಿತು. 16 ಹಾಕಿದರೆ ಅದು ಬೇರೆಯೇ ಯಂತ್ರದಂತೆ ಓಡುತ್ತದೆ.

ಹೊಸದನ್ನು ಕೊಳ್ಳುವ ಮೊದಲು ಈಗಿನ ಚೈನನ್ನು ಬಿಸಿಲಿಗೆ ಹಿಡಿದು ಒಂದೊಂದೇ ಹಲ್ಲಿನ ಅಂಚನ್ನು ನೋಡಿ. ಅಂಚಿನ ಉದ್ದಕ್ಕೂ ಬಿಳಿ ಗೆರೆಯೊಂದು ಮಿನುಗಿದರೆ ಅದು ಮೊಂಡಾಗಿದೆ. ಹರಿತವಾದ ಅಂಚಿನಲ್ಲಿ ಬೆಳಕು ನಿಲ್ಲುವುದಿಲ್ಲ. ಕೊಯ್ಯುವಾಗ ಚೂರು ಬೀಳದೆ ಹಿಟ್ಟು ಬೀಳುತ್ತಿದ್ದರೆ, ಯಂತ್ರದ ಮೇಲೆ ಮೈಭಾರ ಹಾಕಬೇಕಾಗಿ ಬಂದರೆ, ತಪ್ಪು ಎಂಜಿನ್ನಿನದಲ್ಲ. ಒಣಗಿದ ಹುಣಸೆ ತುಸು ಸಣ್ಣ ಚೂರನ್ನೇ ಕೊಡುತ್ತದೆ ನಿಜ, ಆದರೆ ಹಿಟ್ಟು ಕೊಡಬಾರದು. ನಾನು ಟ್ಯಾಂಕಿಗೆ ಪೆಟ್ರೋಲ್ ತುಂಬುವಾಗಲೆಲ್ಲ ಪ್ರತಿ ಹಲ್ಲಿಗೂ ಎರಡು ಮೂರು ಸಲ ಅರ ಎಳೆಯುತ್ತೇನೆ. ಇನ್ನೂ ಸಣ್ಣ ಅಳತೆಯ .325 ಇಂಚಿನ ಚೈನಿಗೆ 4.8 ಮಿಲಿಮೀಟರ್ ಅರ ಬೇಕು. 3/8ಕ್ಕೆ ಚೈನಿನ ತಯಾರಕರನ್ನು ನೋಡಿಕೊಂಡು 5.2 ಅಥವಾ 5.5. ಹಲ್ಲಿನ ಮುಂದಿರುವ ಗುಬುಟು, ಅಂದರೆ ಡೆಪ್ತ್ ಗೇಜ್, ಹಲ್ಲಿನ ಅಂಚಿಗಿಂತ 0.65 ಮಿಲಿಮೀಟರ್‌ನಷ್ಟು ತಗ್ಗಿರಲಿ. ಬೇಗ ಕೊಯ್ಯಲೆಂದು ಅದನ್ನು ಇನ್ನಷ್ಟು ಉಜ್ಜಿದರೆ ಗಟ್ಟಿ ಮರದಲ್ಲಿ ಹಲ್ಲು ಸಿಕ್ಕಿಕೊಂಡು ಯಂತ್ರ ಒದೆಯುತ್ತದೆ. ಚೈನು ಕೊಳ್ಳುವಾಗ ಹಲ್ಲಿನ ಮೂಲೆ ಚೂಪಾಗಿರುವ ಫುಲ್ ಚಿಸೆಲ್ ಬೇಡ, ಮೂಲೆ ದುಂಡಗಿರುವ ಸೆಮಿ ಚಿಸೆಲ್ ಕೇಳಿ. ಅದು ಒಂದಿಷ್ಟು ನಿಧಾನ, ಆದರೆ ಮಣ್ಣು ಮೆತ್ತಿದ ತೊಗಟೆಯಲ್ಲಿ, ಒಣ ಕೆಚ್ಚಿನಲ್ಲಿ ಹರಿತ ಹೆಚ್ಚು ಹೊತ್ತು ಉಳಿಯುತ್ತದೆ.

ಸಾಧ್ಯವಾದರೆ ಮರ ಹಸಿ ಇರುವಾಗಲೇ ತುಂಡು ಮಾಡಿ, ಸೀಳಿ, ಆಮೇಲೆ ಒಣಗಿಸಿ. ಹುಣಸೆಯ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಎರಡು ಬೇಸಿಗೆ ಕಂಡ ಹುಣಸೆ ಬೊಡ್ಡೆ ಯಂತ್ರಕ್ಕೂ ಕೊಡಲಿಗೂ ಬಗ್ಗುವುದಿಲ್ಲ. ಹಸಿಯಾಗಿ ಕೊಯ್ದವರಿಗೆ ಎಷ್ಟೋ ಸಲ ದೊಡ್ಡ ಯಂತ್ರದ ಅಗತ್ಯವೇ ಬೀಳುವುದಿಲ್ಲ.

ಕರಿಜಾಲಿಯಲ್ಲಿ ಇನ್ನೊಂದು ಅಪಾಯವಿದೆ, ಮೊಳೆ. ಬದುವಿನ ಮರಕ್ಕೆ ತಂತಿ ಬಿಗಿದಿರುತ್ತಾರೆ, ದನ ಕಟ್ಟಲು ಗೂಟ ಹೊಡೆದಿರುತ್ತಾರೆ. ಮರ ಬೆಳೆದು ಎಲ್ಲವನ್ನೂ ನುಂಗಿರುತ್ತದೆ. ಜಾಲಿಯಲ್ಲಿ ಟ್ಯಾನಿನ್ ಹೆಚ್ಚು. ತೊಗಲು ಹದ ಮಾಡಲು ಅದರ ತೊಗಟೆಯನ್ನು ಬಳಸುವುದು ಇದಕ್ಕಾಗಿಯೇ. ಈ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿದರೆ ಮರ ನೀಲಿ ಮಿಶ್ರಿತ ಕಪ್ಪು ಬಣ್ಣಕ್ಕೆ ತಿರುಗುತ್ತದೆ. ಕೊಯ್ದ ಮುಖದ ಮೇಲೆ ಶಾಯಿ ಚೆಲ್ಲಿದಂಥ ಕಲೆ ಕಂಡಿತೋ, ಅಲ್ಲಿಗೇ ನಿಲ್ಲಿಸಿ ಒಂದಡಿ ಆಚೆ ಕೊಯ್ಯಿರಿ. ಒಂದು ಮೊಳೆ ಸಾಕು, ಇಡೀ ಚೈನಿನ ಹಲ್ಲು ಹೋಗಲು. ಹಾಗೆಯೇ ಬಾರಿನ ತುದಿ ನೆಲಕ್ಕೆ ತಾಗಬಾರದು. ಎರೆಯಾಗಲಿ ಮಸಾರಿಯಾಗಲಿ, ಮಣ್ಣು ಕ್ಷಣದಲ್ಲಿ ಹರಿತ ತಿನ್ನುತ್ತದೆ. ಮುಕ್ಕಾಲು ಭಾಗ ಮೇಲಿನಿಂದ ಕೊಯ್ದು, ಹಾರೆ ಹಾಕಿ ದಿಮ್ಮಿ ಹೊರಳಿಸಿ, ಉಳಿದದ್ದನ್ನು ಮತ್ತೆ ಮೇಲಿನಿಂದಲೇ ಮುಗಿಸಿ.

ದೊಡ್ಡ ಯಂತ್ರ ಒದೆಯುವುದೂ ಜೋರಾಗಿಯೇ. ಬಾರಿನ ಮೂತಿಯ ಮೇಲಿನ ಅರ್ಧ ಯಾವುದಕ್ಕೂ ತಗುಲದಂತೆ ನೋಡಿಕೊಳ್ಳಿ. ತಗುಲಿದರೆ ಬಾರ್ ನಿಮ್ಮ ಮುಖದ ಕಡೆಗೇ ಎದ್ದು ಬರುತ್ತದೆ. ಚೈನನ್ನು ತಟ್ಟನೆ ನಿಲ್ಲಿಸುವ ಚೈನ್ ಬ್ರೇಕ್ ಕೆಲಸ ಮಾಡದ ಯಂತ್ರವನ್ನು ಚಾಲೂ ಮಾಡಲೇಬೇಡಿ. ಹೆಗಲ ಟವೆಲ್, ಧೋತರ ಮನೆಯಲ್ಲಿರಲಿ. ಬೂಟು, ಕಿವಿಮುಚ್ಚಿಗೆ, ಮುಖದ ಜಾಳಿಗೆಯಿರುವ ಹೆಲ್ಮೆಟ್ಟಿನ ಹಣವನ್ನು ಯಂತ್ರದ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಿ. ಈ ಮಾತಿನಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಪೆಟ್ರೋಲ್‌ಗೆ ಕಂಪನಿ ಹೇಳಿದ ಟೂ ಸ್ಟ್ರೋಕ್ ಆಯಿಲ್ ಹಾಕಿ. 1:50 ಎಂದಿದ್ದರೆ ಲೀಟರಿಗೆ 20 ಮಿಲಿಲೀಟರ್. ಈಗಿನ ಪೆಟ್ರೋಲ್‌ನಲ್ಲಿರುವ ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಬೆರೆಸಿದ್ದನ್ನು ತಿಂಗಳ ಮೇಲೆ ಇಡಬೇಡಿ. ಚೈನಿಗೆ ಟ್ರ್ಯಾಕ್ಟರಿನ ಸುಟ್ಟ ಆಯಿಲ್ ಹಾಕುವ ಅಭ್ಯಾಸ ನಮ್ಮಲ್ಲಿ ಬಹಳ. ಅದರಲ್ಲಿ ಲೋಹದ ಪುಡಿಯಿರುತ್ತದೆ, ಪಂಪು ಸವೆಯುತ್ತದೆ, ಮೈಗೂ ಸಿಡಿಯುತ್ತದೆ.

ಎಲ್ಲಿ ಕೊಳ್ಳುವುದು ಎಂದೂ ಕೇಳಿದ್ದೀರಿ. ಹುಬ್ಬಳ್ಳಿಯಲ್ಲೋ ಹಾವೇರಿಯಲ್ಲೋ ಬಿಡಿಭಾಗ ಇಟ್ಟುಕೊಂಡು, ಕಾರ್ಬ್ಯುರೇಟರ್ ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಇರುವ ಅಂಗಡಿಯಲ್ಲಿ. ಕೊಳ್ಳುವ ಮುನ್ನ ನಿಮ್ಮದೇ ಬೊಡ್ಡೆಯ ಒಂದು ತುಂಡನ್ನು ಟಂಟಂನಲ್ಲಿ ಹಾಕಿಕೊಂಡು ಹೋಗಿ, ಅಲ್ಲೇ ಕೊಯ್ದು ತೋರಿಸಲು ಹೇಳಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳದಲ್ಲಿ ಕಂಪನಿಗಳ ಮಳಿಗೆಗಳು ಒಂದೇ ಕಡೆ ಸಿಗುತ್ತವೆ, ಯಂತ್ರಗಳನ್ನು ಕೈಯಲ್ಲಿ ಎತ್ತಿ ತೂಕ ನೋಡಬಹುದು. ನಿಂತ ಮರ ಕಡಿಯುವುದಿದ್ದರೆ ಮೊದಲು ವಲಯ ಅರಣ್ಯ ಕಚೇರಿಗೆ ಹೋಗಿ. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಸ್ವಂತ ಹೊಲದ ಹುಣಸೆಗೂ ಅನುಮತಿ ಬೇಕು; ನೀಲಗಿರಿಯಂಥ ಕೆಲವಕ್ಕೆ ಮಾತ್ರ ವಿನಾಯಿತಿ.

ಹಳೆಯ 45 ಸಿಸಿಯನ್ನು ಮಾರಬೇಡಿ. ಮುಕ್ಕಾಲು ಅಡಿಯ ಟೊಂಗೆಗಳಿಗೆ ಅದೇ ಹಗುರ, ಪೆಟ್ರೋಲೂ ಕಡಿಮೆ. ದೊಡ್ಡದರ ಬಾರ್ ಬೊಡ್ಡೆಯಲ್ಲಿ ಸಿಕ್ಕಿಕೊಂಡ ದಿನ ಅದನ್ನು ಬಿಡಿಸಲು ಎರಡನೆಯ ಯಂತ್ರವೊಂದು ಬೇಕೇ ಬೇಕು.