ಏಳು ವರ್ಷದ ಮಗ ಪುಸ್ತಕ ಮುಟ್ಟುವುದಿಲ್ಲ, ಕನ್ನಡ ಕಾರ್ಟೂನ್ ಬಿಟ್ಟೇಳುವುದಿಲ್ಲ. ಭಾಷೆ, ಕಲ್ಪನೆ ಎರಡೂ ಕುಂಠಿತವಾಗುತ್ತವೆಯೇ?

ನಾನು ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುವವಳು, ಹಾಗಾಗಿ ಪುಸ್ತಕದ ಪಕ್ಷ. ಆದರೂ ಕಾರ್ಟೂನಿನ ಪರವಾಗಿ ಮೊದಲು ಒಂದು ಮಾತು ಹೇಳಲೇಬೇಕು. ಹೇಯ್ಸ್ ಮತ್ತು ಆರೆನ್ಸ್ ಎಂಬ ಸಂಶೋಧಕರು 1988ರಲ್ಲಿ, ಸಾವಿರ ಪದಗಳಲ್ಲಿ ಅಪರೂಪದ ಪದಗಳೆಷ್ಟು ಎಂಬ ಲೆಕ್ಕ ಪ್ರಕಟಿಸಿದರು. ಮಕ್ಕಳ ಪುಸ್ತಕಗಳಲ್ಲಿ ಸುಮಾರು 31, ಕಾರ್ಟೂನಿನಲ್ಲೂ ಸುಮಾರು 31! ಕಾಮಿಕ್ಸ್‌ನಲ್ಲಿ 53. ಪದವೀಧರರು ಗೆಳೆಯರೊಂದಿಗೆ ಆಡುವ ಮಾತಿನಲ್ಲಿ ಬರೀ 17. (ನಮ್ಮ ಸ್ಟಾಫ್ ರೂಮಿನ ಹರಟೆ ಕೇಳಿದರೆ ಅದೂ ಜಾಸ್ತಿಯೇ ಅನಿಸುತ್ತದೆ.) ಇದು ಇಂಗ್ಲಿಷಿನ ಲೆಕ್ಕ, ಕನ್ನಡಕ್ಕೆ ಹಾಗೇ ಹೊಂದಬೇಕೆಂದಿಲ್ಲ.

ಕನ್ನಡದ ತೊಡಕೇ ಬೇರೆ. ನಿಮ್ಮ ಮಗ ಆಡುವುದು ‘ಬರ್ತಾನೆ’, ‘ಹೋಗಕ್ಕೆ’. ಡಬ್ ಆದ ಕಾರ್ಟೂನಿನಲ್ಲೂ ಹೆಚ್ಚುಕಡಿಮೆ ಅದೇ ಆಡುಮಾತು. ‘ಹೋದೊಡನೆ’, ‘ಬಾರದಿದ್ದರೂ’ ಅಂತ ನಡೆಯುವ ಬರಹದ ಕನ್ನಡ ಅವನಿಗೆ ಸಿಗುವುದು ಪುಸ್ತಕದಲ್ಲೇ. ಅದು ಕಿವಿಗೆ ಬೀಳದ ಮಕ್ಕಳು ನಾಲ್ಕನೇ ಕ್ಲಾಸಿನ ಪಾಠವನ್ನು ತಪ್ಪಿಲ್ಲದೆ ಓದುತ್ತಾರೆ, ಏನು ಓದಿದೆ ಅಂತ ಕೇಳಿದರೆ ಮುಖ ನೋಡುತ್ತಾರೆ.

ಕಲ್ಪನೆಯ ವಿಷಯಕ್ಕೆ ಬಂದರೆ, ಮನಶ್ಶಾಸ್ತ್ರಜ್ಞೆ ಪೆಟ್ರೀಷಿಯಾ ಗ್ರೀನ್‌ಫೀಲ್ಡ್ ಮತ್ತವರ ಸಂಗಡಿಗರು 1980ರ ದಶಕದಲ್ಲಿ ಮಕ್ಕಳಿಗೆ ರೇಡಿಯೋದಲ್ಲೂ ಟಿವಿಯಲ್ಲೂ ಕಥೆ ಕೊಟ್ಟು, ಕೊನೆಗೆ ಮುಂಚೆ ನಿಲ್ಲಿಸಿ, ನೀವೇ ಮುಗಿಸಿ ಎಂದರು. ರೇಡಿಯೋ ಕೇಳಿದಾಗ ಮಕ್ಕಳು ಹೊಸದಾಗಿ ಸೇರಿಸಿದ್ದು ಹೆಚ್ಚು. ಕಥೆಯ ವಿವರ ಚೆನ್ನಾಗಿ ನೆನಪಿದ್ದದ್ದು ಟಿವಿ ನೋಡಿದಾಗ.

ಗಮನಿಸಿ, ಅಲ್ಲಿ ಮಕ್ಕಳು ಓದಲಿಲ್ಲ, ಕೇಳಿದರು. ಏಳು ವರ್ಷಕ್ಕೆ ನಿಮ್ಮ ಮಗನೂ ತಾನೇ ಓದಬೇಕಿಲ್ಲ. ಒತ್ತಕ್ಷರ ಬಿಡಿಸುವಷ್ಟರಲ್ಲಿ ಅವನಿಗೆ ಕಥೆ ಮರೆತಿರುತ್ತದೆ. ನೀವು ಓದಿ, ಅವನು ಕೇಳಲಿ. ಪ್ರಥಮ್ ಬುಕ್ಸ್ ಪ್ರಕಾಶನದವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ. ಪುಟ ತಿರುಗಿಸುವ ಮೊದಲು ನಿಲ್ಲಿಸಿ, ‘ಈಗ ಏನಾಗತ್ತೆ?’ ಅಂತ ಕೇಳಿ. ಕಾರ್ಟೂನ್ ನೋಡುವಾಗಲೂ ಒಮ್ಮೊಮ್ಮೆ ಪಕ್ಕದಲ್ಲಿ ಕೂತು ಇದನ್ನೇ ಕೇಳಿ.

‘ಎರಡು ಪುಟ ಓದಿದರೆ ಟಿವಿ’ ಅನ್ನುವ ಒಪ್ಪಂದ ಮಾತ್ರ ಬೇಡ. ಹಾಗೆ ಮಾಡಿದರೆ ಓದು ದಂಡ, ಟಿವಿ ಬಹುಮಾನ. ಇನ್ನೊಂದು, ಕಥೆ ಓದಿ ಹೇಳುವಾಗ ಪುಟದ ಚಿತ್ರವನ್ನು ಓದಿದ ಮೇಲೆ ತೋರಿಸಿದರೆ ಒಳ್ಳೆಯದು, ಅಷ್ಟರಲ್ಲಿ ಅವನೇ ಕಲ್ಪಿಸಿಕೊಂಡಿರುತ್ತಾನೆ. ಮೊದಲೇ ಬೇಕೆಂದು ಹಟ ಹಿಡಿದರೆ ತೋರಿಸಿಬಿಡಿ, ಅದಕ್ಕೆಲ್ಲ ಜಗಳ ಬೇಡ.