ಹೊಲದ ಮನೆಯ ವೆಲ್ಡಿಂಗ್‌ಗೆ ಎಂಥ ಹೆಲ್ಮೆಟ್ ಬೇಕು?

ಪ್ರಶ್ನೆ: ನಮ್ಮದು ಕಲಬುರಗಿ ಜಿಲ್ಲೆ, ಸೇಡಂ ಕಡೆಯ ಹಳ್ಳಿ. ಕುಂಟೆ, ಟ್ರಾಲಿ ಬಾಗಿಲು, ಗೇಟು ಇಂಥವನ್ನು ನಾನೇ ರಿಪೇರಿ ಮಾಡಿಕೊಳ್ಳೋಣ ಅಂತ 200 ಆಂಪ್‌ನ ಇನ್ವರ್ಟರ್ ಮಶಿನ್ ತಂದಿದ್ದೇನೆ. ಸದ್ಯ ಕೈಯಲ್ಲಿ ಹಿಡಿಯುವ ಕಪ್ಪು ಗಾಜಿನ ಸ್ಕ್ರೀನ್ ಬಳಸುತ್ತೇನೆ. ಮಗ ಎದುರಿಗೆ ಕೂತು ಪೈಪ್ ಹಿಡಿಯುತ್ತಾನೆ. ವೆಲ್ಡಿಂಗ್ ಬೆಳಕು ಬಿದ್ದ ಕೂಡಲೇ ಗಾಜು ತಾನೇ ಕಪ್ಪಾಗುವ ಆಟೊ ಡಾರ್ಕ್ ಹೆಲ್ಮೆಟ್ ತಗೊಳ್ಳಬೇಕು ಅಂತಿದ್ದೇನೆ. ಅಗ್ಗದ್ದು ತಡವಾಗಿ ಕಪ್ಪಾಗಿ ಕಣ್ಣು ಹಾಳಾಗುತ್ತದೆ ಅನ್ನುತ್ತಾರೆ, ನಿಜವಾ? ನನಗೆ 48 ವರ್ಷ, ಓದಲು ಕನ್ನಡಕ ಬೇಕು.

ಉತ್ತರ: ಮೊದಲು ಆ ಹೆದರಿಕೆಯ ಮಾತು. ಸರಿಯಾದ ಆಟೊ ಡಾರ್ಕ್ ಗಾಜಿನಲ್ಲಿ ನೇರಳಾತೀತ ಮತ್ತು ಅವಕೆಂಪು ಕಿರಣಗಳನ್ನು ತಡೆಯುವ ಪದರ ಬೇರೆಯೇ ಇರುತ್ತದೆ. ಗಾಜು ಕಪ್ಪಾಗಲಿ, ಆಗದಿರಲಿ, ಸೆಲ್ ಸತ್ತೇ ಹೋಗಿರಲಿ, ಅದು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಕಪ್ಪಾಗುವುದು ಕಣ್ಣು ಕುಕ್ಕುವ ಬೆಳಕನ್ನು ತಡೆಯಲಿಕ್ಕೆ. ಸಾಮಾನ್ಯವಾಗಿ ಅದಕ್ಕೆ ಸೆಕೆಂಡಿನ 25,000ದಲ್ಲಿ ಒಂದು ಭಾಗ ಸಾಕು.

ಆದರೆ ಈ ಮಾತು ಪರೀಕ್ಷೆಯಾದ ಗಾಜಿಗೆ ಮಾತ್ರ. ಯುರೋಪಿನ ಸುರಕ್ಷತಾ ಮಾನದಂಡ ಇಎನ್ 379 ಅಥವಾ ಅಮೆರಿಕದ ಎಎನ್‌ಎಸ್‌ಐ ಝಡ್ 87.1 ಗುರುತು ಡಬ್ಬಿಯ ಮೇಲಿದ್ದರೆ ಸಾಲದು, ಫಿಲ್ಟರ್ ಮೇಲೆಯೇ, ಅಂದರೆ ಆ ಗಾಜಿನ ಮೇಲೆಯೇ ಇರಬೇಕು. ಗುರುತೇ ಇಲ್ಲದ್ದು ಎಷ್ಟೇ ಕಡಿಮೆಗೆ ಸಿಕ್ಕರೂ ಬೇಡ. ಬಿಲ್ ಕೊಡುವ ಅಂಗಡಿಯಲ್ಲೇ ತಗೊಳ್ಳಿ.

ನಾನು ನೋಡಿದ ಹಾಗೆ ಕಣ್ಣು ಕೆಡುವುದು ಹೆಚ್ಚಾಗಿ ಟ್ಯಾಕ್ ಹಾಕುವಾಗ, ಅಂದರೆ ತುಂಡುಗಳು ಅಲುಗದಂತೆ ಚುಕ್ಕೆ ಬೆಸುಗೆ ಹಾಕುವಾಗ. ಬಲಗೈಯಲ್ಲಿ ಹೋಲ್ಡರ್ ಇದೆ, ಎಡಗೈಯಲ್ಲಿ ಕೋನ ಹಿಡಿದಾಗಿದೆ. ಸ್ಕ್ರೀನ್ ಹಿಡಿಯಲು ಮೂರನೇ ಕೈ ಎಲ್ಲಿಂದ ಬರಬೇಕು? "ಒಂದೇ ಚುಕ್ಕೆ ಅಲ್ವಾ" ಅಂತ ಮುಖ ಆಚೆ ತಿರುಗಿಸಿ ರಾಡ್ ಮುಟ್ಟಿಸುತ್ತಾರೆ. ಹತ್ತು ಟ್ಯಾಕ್ ಆಗುವಷ್ಟರಲ್ಲಿ ಕಣ್ಣಿಗೆ ಬೀಳಬೇಕಾದ್ದು ಬಿದ್ದಿರುತ್ತದೆ. ಆಗ ಏನೂ ಅನಿಸುವುದಿಲ್ಲ. ಆರರಿಂದ ಹನ್ನೆರಡು ತಾಸು ಬಿಟ್ಟು, ನಡುರಾತ್ರಿ ಎದ್ದು ಕೂರುತ್ತಾರೆ. "ಕಣ್ಣಾಗ ಉಸುಕು ಹಾಕಿ ತಿಕ್ಕಿದಂಗ ಆಗ್ಲಿಕತ್ತದ" ಅನ್ನುತ್ತಾರೆ ನಮ್ಮ ಹುಡುಗರು. ಹಾಗಾದರೆ ಹಾಲು, ಆಲೂಗಡ್ಡೆ ಹೋಳು ಏನೂ ಬೇಡ. ಕಣ್ಣಿನ ಡಾಕ್ಟರಿಗೆ ತೋರಿಸಿ. ನಿಮಗೆ ಆಟೊ ಡಾರ್ಕ್ ತಗೊಳ್ಳಿ ಅನ್ನುವುದೇ ಇದಕ್ಕೆ. ತಲೆಗೆ ಹಾಕಿಕೊಂಡರೆ ಎರಡೂ ಕೈ ಖಾಲಿ, ರಾಡಿನ ತುದಿ ಎಲ್ಲಿ ಕೂರುತ್ತದೆ ಅನ್ನುವುದು ಆರ್ಕ್ (ರಾಡಿನ ತುದಿಯಲ್ಲಿ ಹೊತ್ತುವ ಬೆಳಕು) ಹೊಡೆಯುವ ಮುಂಚೆಯೇ ಕಾಣುತ್ತದೆ.

ಈಗ ಆರಿಸುವ ಬಗ್ಗೆ. ಹುಲಿ, ತಲೆಬುರುಡೆ ಚಿತ್ರಕ್ಕೆ ದುಡ್ಡು ಕೊಡಬೇಡಿ. ಶೇಡ್, ಅಂದರೆ ಗಾಜು ಎಷ್ಟು ಕಪ್ಪಾಗಬೇಕು ಅನ್ನುವ ಅಂಕಿ, 9ರಿಂದ 13ರವರೆಗೆ ತಿರುಗಿಸಲು ಬರಬೇಕು. ನಿಮ್ಮ 12 ನಂಬರ್ ರಾಡನ್ನು, ಅಂದರೆ ಎರಡೂವರೆ ಮಿ.ಮೀ.ಯದನ್ನು, 70–80 ಆಂಪ್‌ನಲ್ಲಿ ಓಡಿಸುವಾಗ ಶೇಡ್ 10 ಸಾಕು. 10 ನಂಬರ್ ರಾಡಿಗೆ 10 ಅಥವಾ 11. ಮೊದಲು ಜಾಸ್ತಿ ಕಪ್ಪಿನಿಂದ ಶುರು ಮಾಡಿ, ಕರಗಿದ ಲೋಹ ಚೆನ್ನಾಗಿ ಕಾಣುವವರೆಗೆ ಇಳಿಸುತ್ತ ಬನ್ನಿ.

ಫಿಲ್ಟರ್ ಮೇಲೆ ನಾಲ್ಕು ಅಂಕಿ ಬರೆದಿರುತ್ತಾರೆ, 1/1/1/2 ಅಂತ. ನೋಟ ಎಷ್ಟು ಸ್ಪಷ್ಟ, ಬೆಳಕು ಎಷ್ಟು ಚದುರುತ್ತದೆ, ಕಪ್ಪು ಎಲ್ಲ ಕಡೆ ಒಂದೇ ಸಮ ಇದೆಯಾ, ಓರೆಯಾಗಿ ನೋಡಿದರೆ ಬದಲಾಗುತ್ತದಾ ಅನ್ನುವುದಕ್ಕೆ ಒಂದೊಂದು ಅಂಕಿ. 1 ಅತ್ಯುತ್ತಮ, 3 ಕಡೆಯದು. ಮನೆಬಳಕೆಗೆ 1/1/1/2 ಇದ್ದರೆ ಧಾರಾಳ. ದುಡ್ಡು ಸ್ವಲ್ಪ ಮಿಕ್ಕಿದರೆ 'ಟ್ರೂ ಕಲರ್' ಗಾಜಿಗೆ ಹಾಕಿ. ಹಳೆಯ ಹಸಿರು ಗಾಜಿನಲ್ಲಿ ಕರಗಿದ ಕಬ್ಬಿಣ ಯಾವುದು, ಅದರ ಮೇಲೆ ತೇಲುವ ಸ್ಲ್ಯಾಗ್ (ಕಿಟ್ಟ) ಯಾವುದು ಅಂತ ಹೊಸಬರಿಗೆ ತಿಳಿಯುವುದೇ ಕಷ್ಟ. ಟ್ರೂ ಕಲರ್‌ನಲ್ಲಿ ಎರಡೂ ಬೇರೆ ಬೇರೆ ಕಾಣುತ್ತವೆ. ಕಲಿಯುವವರಿಗೆ ಇದೇ ದೊಡ್ಡ ಲಾಭ ಅಂತ ನನ್ನ ಅನಿಸಿಕೆ.

ಆರ್ಕ್ ಬೆಳಕನ್ನು ಗುರುತಿಸುವ ಸೆನ್ಸರ್ ನಾಲ್ಕಿದ್ದರೆ ಒಳ್ಳೆಯದು. ಟ್ರಾಲಿಯ ಕೆಳಗೆ ತೂರಿ ಕೆಲಸ ಮಾಡುವಾಗ ಒಂದೆರಡು ಸೆನ್ಸರ್‌ಗೆ ಪೈಪೋ ನಿಮ್ಮ ಕೈಯೋ ಅಡ್ಡ ಬರುತ್ತದೆ. ಸೋಲಾರ್ ಜೊತೆಗೆ ನಾವೇ ಬದಲಿಸಬಹುದಾದ ಬಿಲ್ಲೆ ಸೆಲ್ ಇರುವುದನ್ನೇ ತಗೊಳ್ಳಿ. ಸೆಲ್ ಒಳಗೇ ಮುಚ್ಚಿಹೋಗಿದ್ದರೆ ಅದು ಮುಗಿದ ದಿನ ಹೆಲ್ಮೆಟ್ಟೂ ಮುಗಿಯಿತು.

ನಮ್ಮ ಕಡೆಯ ಬಿಸಿಲನ್ನು ಮರೆಯಬೇಡಿ. ಈ ಫಿಲ್ಟರ್‌ಗಳು ಸಾಮಾನ್ಯವಾಗಿ 55 ಡಿಗ್ರಿವರೆಗೆ ಕೆಲಸ ಮಾಡುವಂಥವು. ಮೇ ತಿಂಗಳಲ್ಲಿ ತಗಡಿನ ಮೇಲೋ ಟ್ರ್ಯಾಕ್ಟರ್ ಸೀಟಿನ ಮೇಲೋ ಇಟ್ಟರೆ ಅದಕ್ಕಿಂತ ಜಾಸ್ತಿ ಕಾಯುತ್ತದೆ. ನೆರಳಲ್ಲಿಡಿ. ಬಯಲಲ್ಲಿ ಕೆಲಸ ಮಾಡುವಾಗ ಬಿಸಿಲಿಗೇ ಗಾಜು ಕಪ್ಪಾದರೆ ಸೆನ್ಸಿಟಿವಿಟಿ ತಗ್ಗಿಸಿ. ಅರ್ಧ ಕಿಲೋ ಆಸುಪಾಸಿನ ತೂಕ ಇರಲಿ, ಬೆವರು ಪಟ್ಟಿ ಬಿಚ್ಚಿ ತೊಳೆಯಲು ಬರಲಿ. ಮುಂದಿನ ಪಾರದರ್ಶಕ ಪ್ಲಾಸ್ಟಿಕ್ ಕಿಡಿ ಬಿದ್ದು ಮಸುಕಾಗುವುದೇ. ಅದರ ಬದಲಿ ನಿಮ್ಮ ಊರ ಕಡೆ ಸಿಗುತ್ತದಾ ಕೇಳಿಕೊಂಡೇ ತಗೊಳ್ಳಿ.

ಗ್ರೈಂಡ್ ಮೋಡ್‌ಗೆ ಹಾಕಿ (ಅದರಲ್ಲಿ ಗಾಜು ಕಪ್ಪಾಗುವುದಿಲ್ಲ) ಗ್ರೈಂಡರ್ ಹೊಡೆದ ಮೇಲೆ ಮರಳಿ ವೆಲ್ಡ್‌ಗೆ ತಿರುಗಿಸುವುದನ್ನು ಕೈಗೆ ರೂಢಿ ಮಾಡಿಸಿ. ಸ್ಲ್ಯಾಗ್ ಒಡೆಯುವಾಗ ಹೆಲ್ಮೆಟ್ ಮೇಲೆತ್ತಿದರೆ ಕಣ್ಣಿಗೆ ಬಿಳಿ ಗಾಗಲ್ ಇರಲೇಬೇಕು, ಬಿಸಿ ಚೂರು ಸಿಡಿಯುತ್ತದೆ.

ಕನ್ನಡಕ ಹಾಕಿಕೊಂಡೇ ಹೆಲ್ಮೆಟ್ ಹಾಕಬಹುದು, ಅಂಗಡಿಯಲ್ಲೇ ಹಾಕಿ ನೋಡಿ. ಇಲ್ಲವಾದರೆ ಒಳಗೆ ಸಿಕ್ಕಿಸುವ ಭೂತಗನ್ನಡಿಯಂಥ ಲೆನ್ಸ್ ಬರುತ್ತದೆ. ಅದನ್ನು ಹಿಡಿಸುವ ಜಾಗ ನಿಮ್ಮ ಹೆಲ್ಮೆಟ್‌ನಲ್ಲಿ ಇದೆಯಾ ನೋಡಿಕೊಳ್ಳಿ.

ಕೊನೆಗೆ ನಿಮ್ಮ ಮಗ. ಈ ವಿಷಯ ನೀವು ಕೇಳಲಿಲ್ಲ, ಆದರೆ ನಿಮ್ಮ ಪತ್ರ ಓದುವಾಗ ನನಗೆ ಮೊದಲು ಚಿಂತೆಯಾದದ್ದು ಅವನದೇ. ಆರ್ಕ್‌ಗೆ ನಿಮ್ಮಷ್ಟೇ ಹತ್ತಿರ ಅವನೂ ಕೂತಿರುತ್ತಾನೆ. ಕಣ್ಣು ಮುಚ್ಚಿಕೊಂಡರೆ, ತಂಪು ಕನ್ನಡಕ ಹಾಕಿಕೊಂಡರೆ ಸಾಲದು. ಹಳೆ ಸ್ಕ್ರೀನನ್ನು ಬಿಸಾಡಬೇಡಿ. ಪೈಪನ್ನು ಸಿ-ಕ್ಲ್ಯಾಂಪ್‌ಗೆ ಕೊಟ್ಟು, ಸ್ಕ್ರೀನನ್ನು ಅವನ ಕೈಗೆ ಕೊಡಿ. ತುಂಬು ತೋಳಿನ ಕಾಟನ್ ಅಂಗಿಯೂ ಇರಲಿ.