ಕೆಲಸ, ಆಟ, ಹರಟೆ ಎಲ್ಲವೂ ಕಂಪ್ಯೂಟರಿನಲ್ಲೇ ಮುಗಿಯುವಾಗ ಮನೆಯಿಂದ ಹೊರಗೆ ಏಕೆ ಹೋಗಬೇಕು?

ಮುಖ್ಯ ಕಾರಣ ಬೆಳಕು. ಟ್ಯೂಬ್‌ಲೈಟ್ ಹಾಕಿದ ಕೋಣೆಯಲ್ಲಿ ಸಾಮಾನ್ಯವಾಗಿ 500 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕಿನ ಅಳತೆ) ಕಡಿಮೆ ಬೆಳಕಿರುತ್ತದೆ. ಹೊರಗೆ, ಚಿಕ್ಕಮಗಳೂರಿನ ಆಷಾಢದ ಮೋಡದಡಿಯಲ್ಲೂ, ನಡುಹಗಲಿನಲ್ಲಿ ಅದು ಸಾವಿರಗಳ ಲೆಕ್ಕದಲ್ಲಿರುತ್ತದೆ. ನೋಟ ಹೊಂದಿಕೊಂಡುಬಿಡುವುದರಿಂದ ಈ ಅಂತರ ನಮಗೆ ತಿಳಿಯುವುದಿಲ್ಲವಾದರೂ, ಅಕ್ಷಿಪಟಲದ ಕೆಲವು ಕೋಶಗಳು ಬೆಳಕಿನ ಮಟ್ಟವನ್ನು ಮಿದುಳಿಗೆ ತಿಳಿಸುತ್ತಲೇ ಇರುತ್ತವೆ, ಮತ್ತು ನಿದ್ರೆ-ಎಚ್ಚರಗಳ ಒಳಗಡಿಯಾರವನ್ನು ಮಿದುಳು ದಿನವೂ ಸರಿಪಡಿಸಿಕೊಳ್ಳುವುದು ಮುಖ್ಯವಾಗಿ ಆ ಸುಳಿವಿನಿಂದಲೇ. ಹಗಲಿಡೀ ಮಂದ ಬೆಳಕು, ರಾತ್ರಿ ಪರದೆಯ ಬೆಳಕು ಎಂದಾದರೆ ಗಡಿಯಾರ ಹಿಂದೆ ಬೀಳುತ್ತದೆ, ನಿದ್ದೆ ತಡವಾಗುತ್ತದೆ. ಆದ್ದರಿಂದ ಬೆಳಿಗ್ಗೆ ಅರ್ಧ ಗಂಟೆ ಚಿಕ್ಕಮಗಳೂರಿನ ರತ್ನಗಿರಿ ಬೋರೆ ಗುಡ್ಡದ ಕಡೆ ನಡೆದು ಬನ್ನಿ. ಮೊಬೈಲ್ ಜೇಬಿನಲ್ಲಿದ್ದರೆ ನನ್ನ ಅಭ್ಯಂತರವೇನೂ ಇಲ್ಲ. ಕಿಟಕಿಯ ಪಕ್ಕ ಕುಳಿತರೂ ಸ್ವಲ್ಪ ಪ್ರಯೋಜನವುಂಟು, ಆದರೆ ಗಾಜಿನಿಂದ ಒಂದೆರಡು ಮೀಟರ್ ಒಳಗೆ ಸರಿದೊಡನೆ ಬೆಳಕು ತೀರಾ ಇಳಿದುಹೋಗುತ್ತದೆ.